ಹಳೆಯ ಮಾಳಿಗೆಗೆ ಹೊಸ ಜಂತಿ

ಕಲಾದಗಿ, ಬಾದಾಮಿ, ಹುನಗುಂದ, ಇಳಕಲ್ಲುಗಳ ಸೀಮೆಯಲ್ಲಿ ಮಣ್ಣಿನ ಮಾಳಿಗೆಯ ಮನೆಗಳು ಇಂದಿಗೂ ಉಳಿದಿವೆ. ಗೋಡೆ, ಕಂಬ, ತೊಲೆಗಳ ಆಸರೆಯಲ್ಲಿ ಸಾಲು ಜಂತಿಗಳು; ಅವುಗಳ ಮೇಲೆ ಹಲಗೆ; ಅದರ ಮೇಲೆ ಮಣ್ಣಿನ ದಪ್ಪ ಹೊದಿಕೆ. ದನ ಕಟ್ಟುತ್ತಿದ್ದ ಅಂಕಣವನ್ನು ಓದುವ ಕೋಣೆಯಾಗಿಯೋ ಅಂಗಡಿಯಾಗಿಯೋ ಮಾರ್ಪಡಿಸುವಾಗ ಗೆದ್ದಲು ಹಿಡಿದ ಜಂತಿಗಳನ್ನು ಬದಲಿಸಬೇಕಾಗುತ್ತದೆ. ಮೇಲಿನ ಮಣ್ಣನ್ನು ತೆಗೆಯದೆ ಇಕ್ಕಟ್ಟಿನಲ್ಲಿ ಹೊಸ ಜಂತಿಯನ್ನು ತೂರಿಸುವುದೇ ಇಲ್ಲಿಯ ತೊಡಕು. ಅದು ತೂರದಿದ್ದಾಗ ಜಂತಿಯನ್ನೇ ಕೆತ್ತುವ, ಇಲ್ಲವೆ ತುದಿಯನ್ನು ಕತ್ತರಿಸುವ ಆತುರ ಹುಟ್ಟುತ್ತದೆ. ಇದು ಸಲ್ಲದು, ಕೊರೆಯಬೇಕಾದುದು ಗೋಡೆಯನ್ನೇ ಹೊರತು ಮರವನ್ನಲ್ಲ ಎಂಬುದು ನಮ್ಮ ಅಭಿಪ್ರಾಯ.

ಏಕೆಂಬುದನ್ನು ಗಣಿತವು ಹೇಳುತ್ತದೆ. ಜಂತಿಯ ಬಲವು ಅದರ ಅಗಲಕ್ಕೆ ಅನುಗುಣವಾಗಿಯೂ, ಎತ್ತರದ ವರ್ಗಕ್ಕೆ ಅನುಗುಣವಾಗಿಯೂ ಇರುತ್ತದೆ. ಎತ್ತರದ ಈ ನಿಯಮವನ್ನು ಗೆಲಿಲಿಯೋ ೧೬೩೮ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿಯೇ ವಿವರಿಸಿದ್ದನು. ಬಾಗದೆ ನಿಲ್ಲುವ ಗುಣವಾದರೋ ಎತ್ತರದ ಘನವನ್ನು ಅನುಸರಿಸುತ್ತದೆ. ೬ ಅಂಗುಲ ಎತ್ತರದ ಜಂತಿಯಿಂದ ಒಂದೇ ಅಂಗುಲವನ್ನು ಕೆತ್ತಿದೆವೆನ್ನಿ. ಉಳಿಯುವ ಬಲವು ೩೬ರಲ್ಲಿ ೨೫ ಪಾಲು. ಬಾಗುವಿಕೆಯನ್ನು ತಡೆಯುವ ಶಕ್ತಿಯು ೨೧೬ರಲ್ಲಿ ೧೨೫ ಪಾಲು ಮಾತ್ರ. ಮರದಲ್ಲಿ ಆರನೆಯ ಒಂದು ಭಾಗ ಹೋದರೆ ಬಿಗುವಿನಲ್ಲಿ ಐದರಲ್ಲಿ ಎರಡು ಭಾಗಕ್ಕಿಂತ ಹೆಚ್ಚು ಹೋಯಿತು!

ಮೇಲಿನ ಹೊರೆಯಾದರೂ ಅಲ್ಪವೆ? ಒಂದು ಘನ ಅಡಿ ಮಣ್ಣು ಸುಮಾರು ೪೫ ಕಿಲೋಗ್ರಾಂ ತೂಗುತ್ತದೆ. ಉದ್ದ, ಅಗಲ ೯ ಅಡಿಯಾಗಿರುವ ಕೋಣೆಯ ಮೇಲೆ ಒಂದು ಅಡಿ ದಪ್ಪ ಮಣ್ಣಿದ್ದರೆ ೩,೬೦೦ ಕಿಲೋಗ್ರಾಮಿಗೂ ಹೆಚ್ಚು ಭಾರ. ಮಳೆಯಲ್ಲಿ ನೆನೆದರೆ ಅದು ಇನ್ನೂ ಏರುತ್ತದೆ. ೨೦೧೯ರ ಆಗಸ್ಟಿನ ನೆರೆಯಲ್ಲಿ ಮಲಪ್ರಭೆ, ಘಟಪ್ರಭೆಗಳ ದಂಡೆಯ ಅನೇಕ ಮಣ್ಣಿನ ಮನೆಗಳು ಕುಸಿದುದನ್ನು ಈ ಸೀಮೆಯ ಜನರು ಮರೆತಿಲ್ಲ.

ಹಾಗಾದರೆ ಉಪಾಯವೇನು? ಗೋಡೆಗಳ ನಡುವಣ ಅಂತರ ೯ ಅಡಿ. ಎರಡೂ ತುದಿಗಳು ಅರ್ಧರ್ಧ ಅಡಿ ಗೋಡೆಯಲ್ಲಿ ಕೂರಬೇಕಾದರೆ ಜಂತಿಯ ಉದ್ದ ೧೦ ಅಡಿ. ಒಂದು ಗೋಡೆಯಲ್ಲಿ ಅರ್ಧ ಅಡಿಯ ಗೂಡನ್ನೂ, ಎದುರು ಗೋಡೆಯಲ್ಲಿ ಒಂದು ಅಡಿಗಿಂತ ತುಸು ಹೆಚ್ಚು ಆಳವೂ ಎತ್ತರವೂ ಉಳ್ಳ ಗೂಡನ್ನೂ ಕೊರೆಯಬೇಕು. ಜಂತಿಯನ್ನು ಓರೆಯಾಗಿ ಆಳದ ಗೂಡಿಗೆ ನೂಕಿ, ಇನ್ನೊಂದು ತುದಿಯನ್ನು ಎತ್ತಿ, ಅರ್ಧ ಅಡಿ ಹಿಂದಕ್ಕೆ ಎಳೆದರೆ ಎರಡೂ ಕಡೆ ಸಮನಾಗಿ ಕೂರುತ್ತದೆ. ಹಳೆಯ ಗೋಡೆಗಳು ದಪ್ಪವಾಗಿರುವುದರಿಂದ ಇದು ಸಾಧ್ಯ. ತುದಿಯ ಕೆಳಗೆ ಚಪ್ಪಡಿ ಕಲ್ಲನ್ನಿಟ್ಟರೆ ಭಾರವು ಹರಡುತ್ತದೆ. ಬಾದಾಮಿಯ ಸುತ್ತ ಮರಳುಗಲ್ಲು, ಕಲಾದಗಿಯ ಸುತ್ತ ಸುಣ್ಣಕಲ್ಲು ದೊರೆಯುತ್ತವೆ. ಉಳಿದ ಸಂದನ್ನು ಕಲ್ಲುಚೂರು, ಗಾರೆಗಳಿಂದ ಮುಚ್ಚುವಾಗ ಮರದ ತುದಿಗೆ ಗಾಳಿಯಾಡಲು ತುಸು ತೆರವಿರಲಿ; ತೇವ ನಿಂತಲ್ಲಿ ಗೆದ್ದಲು ಬರುತ್ತದೆ. ಇಷ್ಟಕ್ಕೂ ಮೊದಲು ಅಕ್ಕಪಕ್ಕದ ಜಂತಿಗಳಿಗೂ ಹಲಗೆಗೂ ಊರೆ ಕೊಟ್ಟು, ಒಂದೊಂದೇ ಜಂತಿಯನ್ನು ಬದಲಿಸಬೇಕು. ಗೋಡೆಯೇ ಸಡಿಲವಾಗಿದ್ದರೆ ಇಂಜಿನಿಯರರನ್ನು ಕರೆಯದೆ ಕೈಹಚ್ಚಲಾಗದು.

ಇದರಿಂದ ಒಂದೆರಡು ದಿನದ ಕೂಲಿ ಹೆಚ್ಚೀತು, ನಿಜ. ಆದರೆ ಆ ಜಂತಿಯ ಕೆಳಗೆ ಮಕ್ಕಳು ಮಲಗುತ್ತಾರೆ. ಮನೆಯ ಯಜಮಾನನು ಅವಸರಪಡಿಸದಿದ್ದರೆ ಅನುಭವಿ ಬಡಿಗನೂ ಅಡ್ಡದಾರಿ ಹಿಡಿಯಲಾರನು. ವಿದ್ಯಾರ್ಥಿಗಳು ತಮ್ಮ ಮನೆಯ ಜಂತಿಗಳ ಅಗಲ, ಎತ್ತರಗಳನ್ನು ಅಳೆದು, ಮೇಲಿನ ಮಣ್ಣಿನ ಭಾರವನ್ನು ಲೆಕ್ಕಹಾಕಿ ಹಿರಿಯರ ಮುಂದಿಡಲಿ. ಶಾಲೆಯಲ್ಲಿ ಕಲಿತ ವರ್ಗ, ಘನಗಳು ಮನೆಯ ಕೆಲಸಕ್ಕೆ ಒದಗುವುದು ಹೀಗೆಯೇ.