ಗೋಡೆಯ ಮೇಲೆ ಮುತ್ತುಗ, ಅದರಡಿ ಕನ್ನಡವೇ ಇಲ್ಲ!

ಬೆಂಗಳೂರಿನ ಹೊಸ ಮನೆಗಳ ನಡುಮನೆಯನ್ನು ಒಮ್ಮೆ ನೋಡಿ. ಕ್ಯಾಲೆಂಡರ್ ತೂಗುತ್ತಿದ್ದ ಮೊಳೆಗೆ ಈಗ ಹಳೆಯ ಸಸ್ಯಶಾಸ್ತ್ರದ ಚಿತ್ರಗಳು ಬಂದಿವೆ. ಎಲೆ, ಮೊಗ್ಗು, ಹೂ, ಸೀಳಿದ ಕಾಯಿ, ಬೀಜ ಎಲ್ಲವನ್ನೂ ಬಿಡಿಬಿಡಿಯಾಗಿ ತೋರಿಸುವ ಅಂದದ ಚಿತ್ರಗಳು. ಒಳ್ಳೆಯದೇ! ಕಂಡುಕೇಳದ ದೇಶದ ಜಲಪಾತದ ಪೋಸ್ಟರಿಗಿಂತ ಸಾವಿರ ಪಾಲು ಮೇಲು. ಆದರೆ ಚಿತ್ರದ ಕೆಳಗೆ ಕಣ್ಣು ಹಾಯಿಸಿ. ಲ್ಯಾಟಿನ್ ಇದೆ, ಇಂಗ್ಲಿಷ್ ಇದೆ. ಕನ್ನಡ ಎಲ್ಲಿ?

ನಮ್ಮ ಮುತ್ತುಗವನ್ನೇ ತೆಗೆದುಕೊಳ್ಳಿ. ಅಜ್ಜಿಯರು ಕಡ್ಡಿ ಚುಚ್ಚಿ ಊಟದೆಲೆ ಹಚ್ಚಿದ ಮರ. ಅದರ ಶಾಸ್ತ್ರೀಯ ಹೆಸರು ಬ್ಯೂಟಿಯ ಮಾನೋಸ್ಪರ್ಮ. 'ಬ್ಯೂಟಿಯ' ಎಂಬುದು ಬ್ಯೂಟ್ ಎಂಬ ಬ್ರಿಟಿಷ್ ಪ್ರಭುವಿನ ನೆನಪಿಗಿಟ್ಟ ಹೆಸರು. ಆ ಪ್ರಭು ನಮ್ಮ ಗೋಡೆ ಏರಿದ್ದಾನೆ. ಮುತ್ತುಗ ಬಾಗಿಲಾಚೆ ನಿಂತಿದೆ!

ಚಿತ್ರ ಬರೆದವರಾದರೂ ಯಾರು? ರಾಕ್ಸ್‌ಬರ್ಗ್‌ನ ಕೋರಮಂಡಲ ತೀರದ ಸಸ್ಯಗಳ ಪುಸ್ತಕ 1795ರಿಂದ 1820ರವರೆಗೆ 3 ಸಂಪುಟಗಳಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅದರ 300 ಚಿತ್ರಗಳ ಮೂಲ ಬರೆದ ಕೈಗಳು ಭಾರತೀಯರವು. ಹೆಸರು ಉಳಿದದ್ದು ರಾಕ್ಸ್‌ಬರ್ಗ್‌ನದು. ನಮ್ಮ ಶಿವಮೊಗ್ಗದಲ್ಲೇ 1840ರ ದಶಕದಲ್ಲಿ ಕ್ಲೆಗ್‌ಹಾರ್ನ್ ಎಂಬ ಕಂಪನಿ ಸರ್ಕಾರದ ವೈದ್ಯ ದಿನಕ್ಕೊಂದು ಗಿಡದ ಚಿತ್ರ ಬರೆಸಿದ. ಆ ಸಂಗ್ರಹ ಇಂದು ಎಡಿನ್‌ಬರೋದ ಸಸ್ಯೋದ್ಯಾನದಲ್ಲಿ ಭದ್ರವಾಗಿದೆ. ಬರೆದವನ ಹೆಸರು? ಇಲ್ಲ!

"ವಿಜ್ಞಾನಕ್ಕೆ ಲ್ಯಾಟಿನ್ ಬೇಕಲ್ಲವೇ?" ಎನ್ನುವ ಪಂಡಿತರಿದ್ದಾರೆ. ಬೇಕು ಸ್ವಾಮಿ, ಯಾರು ಬೇಡವೆಂದರು? ಜಗತ್ತಿನ ವಿಜ್ಞಾನಿಗಳೆಲ್ಲ ಒಂದು ಗಿಡವನ್ನು ಒಂದೇ ಹೆಸರಿನಿಂದ ಗುರುತಿಸಲಿ. ಅದರ ಪಕ್ಕದಲ್ಲಿ ಕನ್ನಡ ಕೂತರೆ ವಿಜ್ಞಾನಕ್ಕೆ ಮೈಲಿಗೆಯೇ? 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಲ್ಲಿ ಅಚ್ಚಾದ 'ಹೋರ್ಟಸ್ ಮಲಬಾರಿಕಸ್' ನೋಡಿ. ಕೇರಳದ ಗಿಡಗಳ ಆ ಚಿತ್ರಗಳ ಮೇಲೆಯೇ ಮಲಯಾಳಂ ಲಿಪಿಯಲ್ಲಿ ಹೆಸರು ಕೊರೆದಿದ್ದಾರೆ! 2008ರಲ್ಲಿ ಕೇರಳ ವಿಶ್ವವಿದ್ಯಾಲಯ ಇಡೀ ಗ್ರಂಥವನ್ನು ಮಲಯಾಳಂನಲ್ಲಿ ತಂದಿತು. ಮುನ್ನೂರು ವರ್ಷದ ಹಿಂದೆ ಡಚ್ಚರು ತಾಮ್ರದ ಹಲಗೆಯ ಮೇಲೆ ಮಾಡಿದ್ದನ್ನು, ಇಂದು ಕಂಪ್ಯೂಟರ್ ಮುಂದೆ ಕೂತ ನಮ್ಮ ವ್ಯಾಪಾರಿಗೆ ಮಾಡಲಾಗದೇ?

ಹೆಸರು ಹೋದರೆ ಏನು ಹೋಯಿತು ಎನ್ನಬೇಡಿ. ಹೊನ್ನೆ, ಮತ್ತಿ, ಬೇಲ ಎಂಬ ಹೆಸರು ಕೇಳದೆ ಬೆಳೆದ ಮಗುವಿಗೆ ಅವೆಲ್ಲ ಬರೀ 'ಟ್ರೀ'. ಹೆಸರು ಗೊತ್ತಿಲ್ಲದ ಮರಕ್ಕೆ ಕೊಡಲಿ ಬಿದ್ದರೆ ಅಳುವವರು ಯಾರು?

ದಾರಿ ಕಷ್ಟದ್ದಲ್ಲ. ರಾಕ್ಸ್‌ಬರ್ಗ್‌ನ ಪುಸ್ತಕದ ಹಕ್ಕುಸ್ವಾಮ್ಯ ಎಂದೋ ಮುಗಿದಿದೆ; ಯಾರು ಬೇಕಾದರೂ ಅಚ್ಚು ಹಾಕಬಹುದು. ಲಾಲ್‌ಬಾಗಿನ ಕಲಾವಿದ ಚೆಲುವಯ್ಯ ರಾಜು ನೂರು ವರ್ಷದ ಹಿಂದೆ ಬರೆದ ಸಸ್ಯಚಿತ್ರಗಳು ನಮ್ಮವೇ. ತೋಟಗಾರಿಕೆ ಇಲಾಖೆ ಅವನ್ನು ಕನ್ನಡ ಹೆಸರು, ಕಲಾವಿದನ ಹೆಸರು ಹಾಕಿ ಅಚ್ಚು ಹಾಕಿಸಲಿ. ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವದ ಫಲಪುಷ್ಪ ಪ್ರದರ್ಶನಗಳಲ್ಲಿ ಬಡವನ ಕೈಗೂ ಎಟುಕುವ ಬೆಲೆಗೆ ಮಾರಲಿ.

ಕನ್ನಡಿಗರೇ, ಚಿತ್ರ ಕೊಳ್ಳುವಾಗ ಅಂಗಡಿಯವನನ್ನು ಕೇಳಿ: "ಇದರ ಕನ್ನಡ ಹೆಸರೇನಪ್ಪಾ?" ಅವನು ತಡವರಿಸಿದರೆ ಹಣದ ಚೀಲ ಬಿಚ್ಚಬೇಡಿ. ಈಗಾಗಲೇ ಕೊಂಡಿದ್ದರೆ ಒಂದು ಚೀಟಿಯಲ್ಲಿ 'ಮುತ್ತುಗ' ಎಂದು ದಪ್ಪಕ್ಷರದಲ್ಲಿ ಬರೆದು ಇಂದೇ ಅಂಟಿಸಿ!