ಬಹುಮಾನವೋ, ಬಾಕಿ ಪಾವತಿಯೋ?

ಅಮೆರಿಕದ ಮೇರಿಲ್ಯಾಂಡ್‌ ವಿಶ್ವವಿದ್ಯಾಲಯದ ಕಾಲೇಜ್‌ ಪಾರ್ಕ್‌ ಕ್ಯಾಂಪಸ್‌ನಲ್ಲಿ ಒಂದು ಕಾಲಕ್ಕೆ ಎರಡು ಪ್ರತಿಭಾ ವಿದ್ಯಾರ್ಥಿವೇತನಗಳಿದ್ದವು. ಬೆಂಜಮಿನ್‌ ಬ್ಯಾನಕರ್‌ ಹೆಸರಿನದು ಕಪ್ಪುವರ್ಣೀಯರಿಗೆ ಮಾತ್ರ. ಫ್ರಾನ್ಸಿಸ್‌ ಸ್ಕಾಟ್‌ ಕೀ ಹೆಸರಿನದು ಯಾರಿಗಾದರೂ ಸಿಗಬಹುದಿತ್ತು, ಆದರೆ ಅಂಕ ಇನ್ನಷ್ಟು ಬೇಕಿತ್ತು. ಪೊಡ್‌ಬೆರೆಸ್ಕಿ ಎಂಬ ಹಿಸ್ಪಾನಿಕ್‌ ವಿದ್ಯಾರ್ಥಿಗೆ ಮೊದಲನೆಯದಕ್ಕೆ ಜನಾಂಗವೊಂದನ್ನು ಬಿಟ್ಟು ಉಳಿದೆಲ್ಲ ಅರ್ಹತೆ ಇತ್ತು. ಎರಡನೆಯದು ಸ್ವಲ್ಪದರಲ್ಲಿ ತಪ್ಪಿತ್ತು. ಆತ ಕೋರ್ಟಿಗೆ ಹೋದ. 1994ರಲ್ಲಿ ಫೆಡರಲ್‌ ಮೇಲ್ಮನವಿ ನ್ಯಾಯಾಲಯ ಬ್ಯಾನಕರ್‌ ಯೋಜನೆಯನ್ನು ರದ್ದು ಮಾಡಿತು. ಮರುವರ್ಷ ಸುಪ್ರೀಂ ಕೋರ್ಟ್‌ ಅದನ್ನು ವಿಚಾರಣೆಗೇ ತೆಗೆದುಕೊಳ್ಳಲಿಲ್ಲ. ವಿಶ್ವವಿದ್ಯಾಲಯ ಎರಡನ್ನೂ ಬೆರೆಸಿ ‘ಬ್ಯಾನಕರ್‌–ಕೀ’ ಎಂದು ಒಂದೇ ಮಾಡಿತು. ಬ್ಯಾನಕರ್‌ ಪಂಚಾಂಗ ರಚಿಸಿದ ಕಪ್ಪು ಗಣಿತಜ್ಞ. ಅಮೆರಿಕದ ರಾಷ್ಟ್ರಗೀತೆ ಬರೆದ ಕೀ ಗುಲಾಮರ ಒಡೆಯ. ವಿಚಿತ್ರ ಜೋಡಿ!

ಬ್ಯಾನಕರ್‌ ಯೋಜನೆ ಯಾರದೋ ಔದಾರ್ಯದಿಂದ ಹುಟ್ಟಿದ್ದಲ್ಲ. ಡೊನಾಲ್ಡ್‌ ಮರ್ರೆ ಎಂಬ ಕಪ್ಪು ಯುವಕನಿಗೆ 1935ರಲ್ಲಿ ಕಾನೂನು ಕಾಲೇಜಿನ ಸೀಟು ನಿರಾಕರಿಸಿದ್ದು ಇದೇ ವಿಶ್ವವಿದ್ಯಾಲಯ. ಥರ್ಗುಡ್‌ ಮಾರ್ಷಲ್‌ ಅವನ ಪರ ವಾದಿಸಿ ಗೆದ್ದರೂ, ಕಾಲೇಜ್‌ ಪಾರ್ಕ್‌ನ ಪದವಿ ತರಗತಿಗೆ ಮೊದಲ ಕಪ್ಪು ವಿದ್ಯಾರ್ಥಿ ಕಾಲಿಟ್ಟದ್ದು 1951ರಲ್ಲಿ. ಹಾಗಾಗಿ ಆ ವಿದ್ಯಾರ್ಥಿವೇತನವನ್ನು ಬಾಕಿ ಎನ್ನಲು ನನಗೆ ಸಂಕೋಚವಿಲ್ಲ. ಸಮಸ್ಯೆ ಎಂದರೆ, ಬಾಕಿಯನ್ನು ಬಹುಮಾನದ ರೂಪದಲ್ಲಿ ಹಂಚಿದ್ದು. ಹೊರರಾಜ್ಯದವರೂ ಪಡೆಯಬಹುದಿತ್ತು; ಬಡತನಕ್ಕಿಂತ ಅಂಕ ಮುಖ್ಯವಾಗಿತ್ತು. ಮೇರಿಲ್ಯಾಂಡ್‌ ಮಾಡಿದ ಅನ್ಯಾಯಕ್ಕೂ ಬೇರೆ ರಾಜ್ಯದ ಜಾಣ ವಿದ್ಯಾರ್ಥಿಗೂ ಏನು ಸಂಬಂಧ ಎಂದು ನ್ಯಾಯಾಲಯ ಕೇಳಿದ್ದು ಸರಿಯೇ. ಆದರೆ ಹಳೆಯ ಅನ್ಯಾಯದ ನೆನಪಿನಿಂದ ಬಂದ ಕೆಟ್ಟ ಹೆಸರನ್ನು ಇಂದಿನ ಹಾನಿ ಎನ್ನಲಾಗದು ಎಂಬ ಅದರ ಮಾತನ್ನು ಒಪ್ಪುವುದು ಕಷ್ಟ. ಗೇಟಿನ ಹೊರಗೇ ಉಳಿದವರು ಮಕ್ಕಳು, ಮೊಮ್ಮಕ್ಕಳಿಗೆ ಹೇಳಿದ ಕತೆಯೂ ಅವರು ಎಲ್ಲಿ ಅರ್ಜಿ ಹಾಕಬೇಕೆಂಬುದನ್ನು ತೀರ್ಮಾನಿಸುತ್ತದೆ.

ನಮ್ಮಲ್ಲಿ 1951ರ ಮೊದಲ ತಿದ್ದುಪಡಿಯೇ 15(4)ನೇ ವಿಧಿಯನ್ನು ಸೇರಿಸಿ ಇಂಥ ವಿಶೇಷ ಸೌಲಭ್ಯಕ್ಕೆ ಸಂವಿಧಾನದ ಬಲ ಕೊಟ್ಟಿತು. ಅಮೆರಿಕದ 14ನೇ ತಿದ್ದುಪಡಿ ‘ಕಾನೂನಿನ ಸಮಾನ ರಕ್ಷಣೆ’ ಎನ್ನುತ್ತದೆ. ವ್ಯಾಖ್ಯಾನ ನ್ಯಾಯಮೂರ್ತಿಗಳಿಗೆ ಬಿಟ್ಟದ್ದು. 2023ರ ಜೂನ್‌ನಲ್ಲಿ ಹಾರ್ವರ್ಡ್‌ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್‌ ಜನಾಂಗ ನೋಡಬಾರದು ಎಂದು ತೀರ್ಪು ಕೊಟ್ಟದ್ದು ಪ್ರವೇಶದ ಬಗ್ಗೆ. ಮಿಸೌರಿಯ ಅಟಾರ್ನಿ ಜನರಲ್‌ ಮಾತ್ರ ಅದೇ ದಿನ ವಿದ್ಯಾರ್ಥಿವೇತನಗಳಿಗೂ ಅದು ಅನ್ವಯ ಎಂದು ಪತ್ರ ಬರೆದರು.

ಜನಾಂಗ ಬಿಡಿ, ಬಡತನ ನೋಡಿ ಎನ್ನುವವರಿದ್ದಾರೆ. ಆಗಲಿ, ಬಡತನವನ್ನು ಅಳೆಯುವುದು ಹೇಗೆ? ಫೆಡರಲ್‌ ನೆರವು ಬೇಕಾದವರು ತುಂಬುವ ‘ಫಾಫ್ಸಾ’ ಅರ್ಜಿಯಲ್ಲಿ ವಾಸದ ಸ್ವಂತ ಮನೆಯ ಬೆಲೆ ಲೆಕ್ಕಕ್ಕೇ ಬರುವುದಿಲ್ಲ. 1930ರ ದಶಕದಿಂದ ಫೆಡರಲ್‌ ಗೃಹಸಾಲ ವಿಮೆ ಕಪ್ಪುವರ್ಣೀಯರ ಬಡಾವಣೆಗಳನ್ನು ದಶಕಗಳ ಕಾಲ ದೂರವಿಟ್ಟಿತ್ತು. ಅಜ್ಜ ಆಗ ಕೊಂಡ ಮನೆಯಲ್ಲಿ ಈಗಲೂ ಇರುವ ಕುಟುಂಬ, ಅಂಥ ಸಾಲ ಸಿಗದೆ ಇಂದಿಗೂ ಬಾಡಿಗೆ ಕಟ್ಟುವ ಕುಟುಂಬ: ಆದಾಯ ಒಂದೇ ಆದರೆ ಅರ್ಜಿಯಲ್ಲಿ ಎರಡೂ ಸಮ. ಜನಾಂಗದ ಕಾಲಂ ತೆಗೆಯಬೇಕೆನ್ನುವವರು ಮೊದಲು ಮನೆಯ ಕಾಲಂ ಸೇರಿಸಲಿ.