ಬೋರ್ಡು ನೋಡಿ ಕಾಲೇಜು ಸೇರಿಸುವವರಿಗೆ

ದ್ವಿತೀಯ ಪಿಯುಸಿ ಫಲಿತಾಂಶ ಬರುತ್ತಿದ್ದಂತೆಯೇ ಪತ್ರಿಕೆಗಳ ಮುಖಪುಟ ಮಾರಾಟವಾಗುತ್ತದೆ. ಒಂದು ಕಾಲಕ್ಕೆ ಆ ಜಾಗ ವೈದ್ಯಕೀಯಕ್ಕೂ ಇಂಜಿನಿಯರಿಂಗಿಗೂ ಮೀಸಲಾಗಿತ್ತು. ಈಗ ಅಲ್ಲಿ ಕರಿಕೋಟು ತೊಟ್ಟ ಹುಡುಗ ಹುಡುಗಿಯರೂ ನಗುತ್ತಿದ್ದಾರೆ. ಕೆಳಗೆ ದಪ್ಪಕ್ಷರದಲ್ಲಿ ‘ಬಿಕಾಂ ಎಲ್‌ಎಲ್‌ಬಿ, ಐದೇ ವರ್ಷದಲ್ಲಿ ಎರಡು ಪದವಿ’ ಎಂದಿರುತ್ತದೆ. ಒಂದು ಕೊಂಡರೆ ಇನ್ನೊಂದು ಉಚಿತ ಎನ್ನುವ ಬಟ್ಟೆ ಅಂಗಡಿಯ ಜಾಹೀರಾತಿಗೂ ಇದಕ್ಕೂ ಏನು ವ್ಯತ್ಯಾಸ? ಬಟ್ಟೆ ಅಂಗಡಿಯಲ್ಲಾದರೂ ನಾವು ಸೀರೆಯ ಸೆರಗು ಬಿಚ್ಚಿ, ನೂಲು ಎಳೆದು, ಬಣ್ಣ ಬಿಡುತ್ತದೆಯೇ ಎಂದು ಕೇಳುತ್ತೇವೆ. ಮಕ್ಕಳ ಐದು ವರ್ಷವನ್ನೂ ಜೀವಮಾನದ ಉಳಿತಾಯವನ್ನೂ ಕೊಟ್ಟು ಕೊಳ್ಳುವ ಪದವಿಯ ವಿಷಯದಲ್ಲಿ ಮಾತ್ರ ಬೋರ್ಡು ನೋಡಿ ಒಳಗೆ ಹೋಗಿ, ರಸೀದಿ ಹಿಡಿದು ಹೊರಗೆ ಬರುತ್ತೇವೆ.

ಈ ಪದವಿ ಬೇಡವೆಂದು ಹೇಳುವುದು ನನ್ನ ಉದ್ದೇಶವಲ್ಲ. ಬೇಕು, ತುಂಬಾ ಬೇಕು. 2025ರ ಜುಲೈ ತಿಂಗಳನ್ನು ನೆನಪಿಸಿಕೊಳ್ಳಿ. ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ನಮ್ಮ ವಾಣಿಜ್ಯ ತೆರಿಗೆ ಇಲಾಖೆ ಬೇಕರಿ, ಕಾಂಡಿಮೆಂಟ್ಸ್, ಚಹದಂಗಡಿಗಳಿಗೆ ನೋಟಿಸು ಕಳಿಸಿತು. ಹಾವೇರಿಯ ತರಕಾರಿ ಅಂಗಡಿಯೊಂದಕ್ಕೂ ಲಕ್ಷಗಟ್ಟಲೆ ರೂಪಾಯಿಯ ನೋಟಿಸು ಹೋಯಿತು. ತಾಜಾ ತರಕಾರಿಗೆ ಜಿಎಸ್‌ಟಿ ಇಲ್ಲ ಎಂಬುದು ಕಾನೂನು. ಗೂಗಲ್ ಪೇಯಲ್ಲಿ ಬಂದ ಹಣವೆಲ್ಲ ಲಾಭವಲ್ಲ, ಅಣ್ಣ ಕಳಿಸಿದ ಕೈಸಾಲವೂ ಅದರಲ್ಲಿ ಸೇರಿರುತ್ತದೆ ಎಂಬುದು ಲೆಕ್ಕ. ಈ ಎರಡನ್ನೂ ಒಂದೇ ಉತ್ತರದಲ್ಲಿ ಬರೆದುಕೊಡುವವರು ಎಷ್ಟು ಊರುಗಳಲ್ಲಿದ್ದರು? ವಕೀಲರ ಬಳಿ ಹೋದರೆ ಅವರಿಗೆ ಲೆಕ್ಕದ ಪುಸ್ತಕ ಕಂಡರೆ ತಲೆನೋವು. ಲೆಕ್ಕ ಬರೆಯುವವರ ಬಳಿ ಹೋದರೆ ಅವರಿಗೆ ಅಧಿಕಾರಿಯ ಮುಂದೆ ವಾದಿಸುವ ಧೈರ್ಯವಿಲ್ಲ. ಅಂಗಡಿಯವರು ಬೀದಿಗಿಳಿದರು, ಬಂದ್ ಎಂದರು. ಕಡೆಗೆ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲವೆಂದು ಮುಖ್ಯಮಂತ್ರಿಗಳೇ ಭರವಸೆ ಕೊಡಬೇಕಾಯಿತು. ಭರವಸೆ ಸಿಕ್ಕಿತು ಸರಿ. ಮುಂದಿನ ನೋಟಿಸಿಗೆ ಉತ್ತರ ಬರೆಯುವವರು ಯಾರು?

ಕಾನೂನು ಮತ್ತು ವಾಣಿಜ್ಯವನ್ನು ಕೂಡಿಸಿ ಓದುವುದರ ಅರ್ಥ ಇಲ್ಲಿದೆ. 2013ರ ಕಂಪೆನಿ ಕಾಯ್ದೆ, 2016ರ ದಿವಾಳಿ ಸಂಹಿತೆ, 2017ರ ಜಿಎಸ್‌ಟಿ ಇವೆಲ್ಲ ಅರ್ಧ ಕಾನೂನು, ಅರ್ಧ ಲೆಕ್ಕ. ಗುಜರಿ ವ್ಯಾಪಾರಿ, ಬೀಡಿ ಗುತ್ತಿಗೆದಾರ, ಮೀನಿನ ಕಮಿಷನ್ ಏಜೆಂಟ್, ಮೂರು ಲಾರಿ ಇಟ್ಟುಕೊಂಡವನು, ಮಹಿಳಾ ಸ್ವಸಹಾಯ ಸಂಘ, ಹಾಲಿನ ಸೊಸೈಟಿ ಇವರೆಲ್ಲರಿಗೂ ಎರಡೂ ಬಲ್ಲ ಒಬ್ಬರು ಬೇಕು. ಆದ್ದರಿಂದ ವಿಶ್ವವಿದ್ಯಾಲಯ ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ ಅದರ ಹೆಸರೇನು ಎಂಬುದಲ್ಲ. ಇಲ್ಲಿ ಓದಿದ ಮಗು ಯಾರ ಪರವಾಗಿ ಎದ್ದು ನಿಲ್ಲಬಲ್ಲದು ಎಂಬುದು.

ಈ ಪ್ರಶ್ನೆ ಹಿಡಿದು ಪ್ರಾಸ್ಪೆಕ್ಟಸ್ ಓದಿ ನೋಡಿ. ಅನೇಕ ಕಡೆ ‘ಬಿಕಾಂ’ ಎನ್ನುವುದು ಹಣೆಯ ಬಾಸಿಂಗದಂತೆ ಕಟ್ಟಿದ ಅಲಂಕಾರ. ಮೊದಲ ಕೆಲವು ಸೆಮಿಸ್ಟರ್‌ಗಳಲ್ಲಿ ಒಂದಿಷ್ಟು ಅಕೌಂಟ್ಸ್, ಒಂದಿಷ್ಟು ಅರ್ಥಶಾಸ್ತ್ರ. ಆಮೇಲೆ ಅದರ ಸುದ್ದಿಯೇ ಇಲ್ಲ. ಅದನ್ನು ಕಲಿಸಲು ಕಾಯಂ ಅಧ್ಯಾಪಕರಿಲ್ಲ, ಪಕ್ಕದ ಕಾಲೇಜಿನಿಂದ ಗಂಟೆಗಿಷ್ಟು ಎಂದು ಬರುವ ಅತಿಥಿ ಉಪನ್ಯಾಸಕರಿದ್ದಾರೆ. ಕೇಳಿ: ತೆರಿಗೆ ಕಾನೂನು ಕಲಿಸುವವರು ಎಂದಾದರೂ ಒಂದು ರಿಟರ್ನ್ ತುಂಬಿಸಿದ್ದಾರೆಯೇ? ಆಡಿಟ್ ಕಲಿಸುವವರು ಯಾರು? ಅಂತಿಮ ವರ್ಷದಲ್ಲಿ ಕಂಪೆನಿ ಕಾನೂನು ಓದುವಾಗ ಮೊದಲ ವರ್ಷ ಕಲಿತ ಬ್ಯಾಲೆನ್ಸ್ ಶೀಟನ್ನು ಮತ್ತೆ ಕೈಗೆ ಕೊಡುತ್ತಾರೆಯೇ? ಇದಕ್ಕೆ ಉತ್ತರ ಕೊಡಲಾಗದ ಕಾಲೇಜು ಎರಡು ಪದವಿ ಕೊಡುವುದಿಲ್ಲ, ಒಂದೂವರೆ ಪದವಿಗೆ ಎರಡರ ಶುಲ್ಕ ವಸೂಲಿ ಮಾಡುತ್ತದೆ.

ಇನ್ನೊಂದು ಸಂಗತಿ ಯಾವ ಜಾಹೀರಾತಿನಲ್ಲೂ ಇರುವುದಿಲ್ಲ. ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಐದು ವರ್ಷದ ಈ ಕೂಡುಪದವಿಯನ್ನು ಮಧ್ಯದಲ್ಲಿ ಒಡೆದು ಕೊಡುವಂತಿಲ್ಲ. ಮೂರು ವರ್ಷ ಮುಗಿಸಿದ್ದೇನೆ, ಬಿಕಾಂ ಆದರೂ ಕೊಡಿ ಎಂದರೆ ಸಿಗುವುದಿಲ್ಲ. ಪದವಿ ಮುಗಿಸಿದವರು ನೇರವಾಗಿ ನಡುವಿನ ವರ್ಷಕ್ಕೆ ಸೇರುವಂತೆಯೂ ಇಲ್ಲ. ಹತ್ತಿದರೆ ಕೊನೆಯ ನಿಲ್ದಾಣದವರೆಗೂ ಹೋಗಲೇಬೇಕಾದ ಬಸ್ಸು ಇದು. ದುಡ್ಡಿದ್ದವರಿಗೆ ಇದು ದೊಡ್ಡ ಮಾತಲ್ಲ. ಆದರೆ ನಮ್ಮ ಮನೆಗಳ ಸ್ಥಿತಿ ನಮಗೆ ಗೊತ್ತಿದೆ. ಗಲ್ಫಿನಲ್ಲಿರುವ ಅಬ್ಬಾನ ನೌಕರಿ ಒಂದು ಬೆಳಿಗ್ಗೆ ಇಲ್ಲವಾಗುತ್ತದೆ. ಎರಡನೆಯ ವರ್ಷದಲ್ಲಿ ಹುಡುಗಿಗೆ ಒಳ್ಳೆಯ ಸಂಬಂಧ ಬಂದಿದೆ ಎಂದು ಹಿರಿಯರು ತರಾತುರಿ ಮಾಡುತ್ತಾರೆ. ಮದುವೆಯಾದ ಮೇಲೂ ಓದಿಸುತ್ತೇವೆ ಎಂಬ ಮಾತು ವಲೀಮಾದ ಊಟದೊಂದಿಗೆ ಮುಗಿಯುತ್ತದೆ. ಆ ಹುಡುಗಿಯ ಕೈಯಲ್ಲಿ ಆಗ ಇರುವುದು ನಾಲ್ಕಾರು ಅಂಕಪಟ್ಟಿಗಳು, ಪದವಿ ಇಲ್ಲ. ಹುಡುಗಿಯ ಓದನ್ನು ನಡುವೆ ನಿಲ್ಲಿಸುವುದು ಅನ್ಯಾಯ. ಅದನ್ನು ನಿಲ್ಲಿಸಬಾರದು ಎಂದು ಗಟ್ಟಿಯಾಗಿಯೇ ಹೇಳುತ್ತೇನೆ. ಆದರೆ ನಾವು ಬದಲಾಗುವವರೆಗೆ ಅದರ ದಂಡ ಅವಳೇ ಏಕೆ ತೆರಬೇಕು?

ಅಂಥ ಮನೆಗಳಿಗೆ ಇನ್ನೊಂದು ದಾರಿಯಿದೆ. ಊರಿನ ಪದವಿ ಕಾಲೇಜಿನಲ್ಲಿ ಮೊದಲು ಬಿಕಾಂ, ಆಮೇಲೆ ಮೂರು ವರ್ಷದ ಎಲ್‌ಎಲ್‌ಬಿ. ಒಟ್ಟು ಆರು ವರ್ಷ. ಒಂದು ವರ್ಷ ಹೆಚ್ಚು. ಆದರೆ ಬಿಕಾಂ ಮುಗಿದ ದಿನ ಕೈಯಲ್ಲಿ ಒಂದು ಪದವಿ ಇರುತ್ತದೆ, ಅದರ ಬಲದಿಂದ ದುಡಿಯಬಹುದು. ಬಿಕಾಂನಲ್ಲಿ ಶೇ. 55 ಅಂಕ ಬಂದರೆ ಸಿ.ಎ. ಓದಿನ ಫೌಂಡೇಶನ್ ಪರೀಕ್ಷೆ ಬಿಟ್ಟು ನೇರವಾಗಿ ಇಂಟರ್‌ಮೀಡಿಯೆಟ್ ಹಂತಕ್ಕೆ ಹೋಗಬಹುದು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯೇ 2022ರಿಂದ ಪದವೀಧರರಿಗೆ ಮೂರು ವರ್ಷದ ಎಲ್‌ಎಲ್‌ಬಿ ಆರಂಭಿಸಿದೆ. ‘ಮೂರು ವರ್ಷದ ಲಾ ಎಂದರೆ ಬೇರೇನೂ ಸಿಗದವರು ಓದುವುದು’ ಎಂಬ ಹಳೆಯ ಕುಹಕ ಇನ್ನು ನಡೆಯುವುದಿಲ್ಲ.

ಆ ದೊಡ್ಡ ಹೆಸರಿನ ವಿಷಯಕ್ಕೇ ಬರೋಣ. ಮಗನನ್ನು ನಾಗರಭಾವಿಯ ಲಾ ಸ್ಕೂಲಿನಲ್ಲಿ ಬಿಕಾಂ ಎಲ್‌ಎಲ್‌ಬಿಗೆ ಸೇರಿಸಬೇಕು ಎನ್ನುವ ತಂದೆಯಂದಿರಿದ್ದಾರೆ. ಅಲ್ಲಿ ಐದು ವರ್ಷದ ಕಾನೂನು ಪದವಿ ಬಿಎ ಎಲ್‌ಎಲ್‌ಬಿ, ಬಿಕಾಂ ಅಲ್ಲ. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪೈಕಿ ಗಾಂಧಿನಗರ, ತಿರುಚಿರಾಪಳ್ಳಿಯಂಥ ಕೆಲವು ಕಡೆ ಮಾತ್ರ ಬಿಕಾಂ ಜೊತೆಗಿನ ಪದವಿ ಇದೆ. ಇಷ್ಟನ್ನೂ ವಿಚಾರಿಸದೆ ಕೋಚಿಂಗ್ ಸೆಂಟರಿಗೆ ಲಕ್ಷ ಸುರಿಯುವವರನ್ನು ಏನೆನ್ನಬೇಕು?

ಆ ಬಾಗಿಲಿನ ಕೀಲಿಕೈ ಕ್ಲಾಟ್ ಎಂಬ ಪರೀಕ್ಷೆ. 2008ರಲ್ಲಿ ಶುರುವಾದ ಈ ಪರೀಕ್ಷೆ ಈವರೆಗೆ ನಡೆದಿರುವುದು ಇಂಗ್ಲಿಷಿನಲ್ಲಿ ಮಾತ್ರ. ಅರ್ಜಿ ಶುಲ್ಕವೇ ಸಾಮಾನ್ಯ ವರ್ಗಕ್ಕೆ 4000 ರೂಪಾಯಿ. ಅದರಲ್ಲಿ ಲೆಕ್ಕಶಾಸ್ತ್ರದ ಪ್ರಶ್ನೆಗಳಿಲ್ಲ. ಪಿಯುಸಿಯಲ್ಲಿ ನೂರಕ್ಕೆ ನೂರು ತೆಗೆದ ಉರ್ದು ಅಥವಾ ಕನ್ನಡ ಮಾಧ್ಯಮದ ಮಗುವಿಗೆ ಆ ನೂರರಿಂದ ಅಲ್ಲಿ ಕಾಸಿನ ಲಾಭವಿಲ್ಲ. ಇನ್ನೂ ದೊಡ್ಡ ವಿಪರ್ಯಾಸ ಕೇಳಿ. ಪದವಿ ಮುಗಿದ ಮೇಲೆ ವಕೀಲಿಕೆ ಮಾಡಲು ಬರೆಯಬೇಕಾದ ಅಖಿಲ ಭಾರತ ವಕೀಲರ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಅಂದರೆ ಕನ್ನಡ ಬಲ್ಲವನು ವಕೀಲನಾಗಲು ಅರ್ಹ, ದೊಡ್ಡ ಕಾನೂನು ಶಾಲೆಯ ವಿದ್ಯಾರ್ಥಿಯಾಗಲು ಅನರ್ಹ! ಕರ್ನಾಟಕದ ಕಾಯ್ದೆಯಿಂದ, ಕರ್ನಾಟಕದ ನೆಲದ ಮೇಲೆ ಕಟ್ಟಿದ ಸಂಸ್ಥೆಯಲ್ಲಿ ಇಲ್ಲಿನ ಮಕ್ಕಳಿಗೆ ಕಾಲುಭಾಗ ಸೀಟು ಕೊಡಲು ನಮ್ಮ ಶಾಸನಸಭೆ 2020ರಲ್ಲಿ ತಿದ್ದುಪಡಿ ತಂದಿತು. ಅದೇ ವರ್ಷ ಹೈಕೋರ್ಟ್ ಅದನ್ನು ರದ್ದುಪಡಿಸಿತು. ಮುಂದೆ ಸಂಸ್ಥೆಯೇ ತನ್ನ ಯೋಜನೆಯಡಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಜಾಗ ಮಾಡಿತು. ಆದರೆ ಬೆಂಗಳೂರಿನ ದುಬಾರಿ ಶಾಲೆಯ ಮಗುವೂ ಹಾನಗಲ್ಲಿನ ಸರಕಾರಿ ಉರ್ದು ಶಾಲೆಯ ಮಗುವೂ ಒಂದೇ ಇಂಗ್ಲಿಷ್ ಪ್ರಶ್ನೆಪತ್ರಿಕೆ ಬರೆಯುವಾಗ ಆ ಜಾಗ ಯಾರಿಗೆ ಹೋಗುತ್ತದೆಂದು ಹೇಳಲು ಜ್ಯೋತಿಷಿ ಬೇಕೆ? ಪ್ರತಿಷ್ಠಿತ ಕಾಲೇಜುಗಳ ಪದವಿ ವಿದ್ಯಾರ್ಥಿಗಳಲ್ಲಿ ಇಪ್ಪತ್ತೈದಕ್ಕೆ ಒಬ್ಬ ಮಾತ್ರ ಮುಸ್ಲಿಮ್ ಎಂದು 2006ರಲ್ಲೇ ಸಾಚಾರ್ ಸಮಿತಿ ಹೇಳಿತ್ತು. ದಲಿತ, ಗ್ರಾಮೀಣ ಮಕ್ಕಳ ಎದುರಿಗಿರುವ ಗೋಡೆಯೂ ಇದೇ.

ಈ ಗೋಡೆ ಕಂಡು ಸುಮ್ಮನಿರದವರೂ ಇದ್ದರು. ಆ ಕಾನೂನು ಶಾಲೆಯಲ್ಲೇ ಓದಿದ ಪ್ರೊ. ಶಮ್ನಾದ್ ಬಶೀರ್ 2010ರಲ್ಲಿ ‘ಐಡಿಯಾ’ ಎಂಬ ಸಂಸ್ಥೆ ಕಟ್ಟಿ, ಬಡ ಮಕ್ಕಳನ್ನು ಹುಡುಕಿ ಈ ಪರೀಕ್ಷೆಗೆ ತಯಾರು ಮಾಡಿಸಿದರು. 2019ರಲ್ಲಿ ಅವರು ತೀರಿಕೊಂಡರು, ಸಂಸ್ಥೆ ಉಳಿದಿದೆ. ನಮ್ಮ ಜಮಾಅತ್‌ಗಳು, ಸಂಘಸಂಸ್ಥೆಗಳು ಇಂಥದನ್ನು ತಾಲೂಕಿಗೊಂದರಂತೆ ಏಕೆ ನಡೆಸುವುದಿಲ್ಲ? ರ್‍ಯಾಂಕ್ ಬಂದ ಮೇಲೆ ಶಾಲು ಹೊದಿಸಿ ಫೋಟೊ ತೆಗೆಸಿಕೊಳ್ಳುವ ಖರ್ಚಿನಲ್ಲಿ ರ್‍ಯಾಂಕ್ ಬರುವ ಮುಂಚೆ ನಾಲ್ಕು ಮಕ್ಕಳಿಗೆ ಇಂಗ್ಲಿಷ್ ಕಲಿಸಬಹುದು.

ಇಲ್ಲಿ ಎರಡು ತಕರಾರು ಬರುತ್ತವೆ. ಒಂದು: ‘ಬಡವರ ಮಕ್ಕಳು ಒಳ್ಳೆಯ ಸಂಬಳ ಕೇಳಬಾರದೆ? ಅವರು ಮಾತ್ರ ಸೇವೆ ಮಾಡಿಕೊಂಡಿರಬೇಕೆ?’ ಖಂಡಿತ ಕೇಳಬೇಕು. ಆದರೆ ಸರಿಯಾಗಿ ಕೇಳಬೇಕು. ಜಾಹೀರಾತಿನಲ್ಲಿರುವುದು ಅತಿ ಹೆಚ್ಚು ಸಂಬಳ ಪಡೆದ ಒಬ್ಬನ ಅಂಕಿ. ತರಗತಿಯಲ್ಲಿ ಎಷ್ಟು ಜನರಿದ್ದರು, ಎಷ್ಟು ಜನರಿಗೆ ಕೆಲಸ ಸಿಕ್ಕಿತು, ನಟ್ಟನಡುವಿನವನ ಸಂಬಳ ಎಷ್ಟು ಎಂದು ಕೇಳಿ. ಉತ್ತರದ ಬದಲು ಚಹಾ ಬಂದರೆ, ಕುಡಿದು ಎದ್ದು ಬನ್ನಿ. ವರ್ಷಕ್ಕೆ ಎರಡು ಮೂರು ಲಕ್ಷ ಸಾಲ ಮಾಡಿ ಓದಿದವನು ತಾಲೂಕು ಕೋರ್ಟಿನಲ್ಲಿ ಕಿರಿಯ ವಕೀಲನಾಗಿ ನಿಲ್ಲಲಾರ. ಬ್ಯಾಂಕಿನ ಕಂತು ಅವನನ್ನು ಬಿಡುವುದಿಲ್ಲ. ಶುಲ್ಕ ಹೆಚ್ಚಿದಷ್ಟೂ ಆಯ್ಕೆ ಕಿರಿದಾಗುತ್ತದೆ.

ಎರಡು: ‘ಹೈಕೋರ್ಟ್, ಸುಪ್ರೀಂ ಕೋರ್ಟ್ ನಡೆಯುವುದು ಇಂಗ್ಲಿಷಿನಲ್ಲಿ, ಕನ್ನಡ ಹಿಡಿದುಕೊಂಡು ಎಲ್ಲಿಗೆ ಹೋಗುತ್ತೀರಿ?’ ನಿಜ, ಸಂವಿಧಾನದ 348ನೇ ವಿಧಿ ಹಾಗೆ ಹೇಳುತ್ತದೆ. ಇಂಗ್ಲಿಷ್ ಬೇಕು, ಚೆನ್ನಾಗಿಯೇ ಬೇಕು. ಆದರೆ ಕಕ್ಷಿದಾರ ಮಾತಾಡುವುದು ಕನ್ನಡದಲ್ಲಿ, ಸಾಕ್ಷಿ ಹೇಳುವುದು ಕನ್ನಡದಲ್ಲಿ, ಕೆಳಗಿನ ನ್ಯಾಯಾಲಯಗಳ ಭಾಷೆಯೂ ಕನ್ನಡ. ಆ ಕನ್ನಡವಾದರೂ ಎಂಥದು? ವಕೀಲ, ವಕಾಲತ್ತು, ಕೈಫಿಯತ್ತು, ಜಾಮೀನು, ಅರ್ಜಿ, ತಕರಾರು, ಅಮೀನ. ಉರ್ದು ಕಲಿತವನಿಗೂ ಕನ್ನಡ ಕಲಿತವನಿಗೂ ಕೋರ್ಟಿನ ಕಟ್ಟೆಯಲ್ಲಿ ಒಂದೇ ಮನೆ. ಕಕ್ಷಿದಾರನ ಮಾತು ಅರ್ಥವಾಗದ ವಕೀಲ ಎಷ್ಟು ಇಂಗ್ಲಿಷ್ ಕಲಿತರೇನು?

ಹಾಗಾದರೆ ನಮ್ಮದೇ ವಿಶ್ವವಿದ್ಯಾಲಯದ ಕಥೆಯೇನು? ಹುಬ್ಬಳ್ಳಿಯ ನವನಗರದಲ್ಲಿ 2009ರಲ್ಲಿ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ಶುರುವಾಯಿತು. ರಾಜ್ಯದ ಬಹುಪಾಲು ಕಾನೂನು ಕಾಲೇಜುಗಳು ಅದರ ಅಡಿಯಲ್ಲಿವೆ. ಕಾನೂನು ಪರೀಕ್ಷೆಗೆ ಕನ್ನಡದಲ್ಲೂ ಉತ್ತರ ಬರೆಯುವ ಅವಕಾಶ ಅಲ್ಲಿದೆ. ಪಕ್ಕದ ಧಾರವಾಡದಲ್ಲಿ 2008ರಿಂದ ಹೈಕೋರ್ಟ್ ಪೀಠವಿದೆ. ಇಷ್ಟೆಲ್ಲ ಇದ್ದೂ ಇಲ್ಲಿನ ಅನೇಕ ಕಾಲೇಜುಗಳನ್ನು ಹಾಜರಿ ಪುಸ್ತಕದ ಕಾಲೇಜುಗಳಾಗಿ ಬಿಟ್ಟವರು ಯಾರು? ಗುಣಮಟ್ಟ ಕುಸಿಯಿತೆಂದು ವಕೀಲರ ಪರಿಷತ್ತು 2025ರ ಆಗಸ್ಟ್‌ನಲ್ಲಿ ಮೂರು ವರ್ಷ ಹೊಸ ಕಾನೂನು ಕಾಲೇಜುಗಳಿಗೆ ತಡೆ ಹಾಕಿತು. ಅಷ್ಟು ವರ್ಷ ಅನುಮತಿ ಕೊಡುತ್ತ ಬಂದ ಪರಿಷತ್ತಿಗೆ ಈ ಜ್ಞಾನೋದಯ ತಡವಾಗಿ ಆಯಿತು. ಹೊಸದನ್ನು ತಡೆದರೆ ಸಾಲದು, ಇರುವುದನ್ನು ನೆಟ್ಟಗೆ ಮಾಡಬೇಕು. ಸರಕಾರ ಅಧ್ಯಾಪಕರನ್ನು ನೇಮಿಸಬೇಕು, ವಾಣಿಜ್ಯ ಮತ್ತು ತೆರಿಗೆ ಕಾನೂನಿಗೆ ಕನ್ನಡದಲ್ಲಿ ಒಳ್ಳೆಯ ಪಠ್ಯ ಬರೆಸಬೇಕು. ನಾವು ಕೇಳದೆ ಇದಾವುದೂ ಆಗುವುದಿಲ್ಲ. ದುಡ್ಡಿರುವವರೆಲ್ಲ ಖಾಸಗಿ ಬೋರ್ಡಿನ ಕಡೆ ಓಡಿದರೆ ಕೇಳುವವರಾದರೂ ಯಾರು ಉಳಿಯುತ್ತಾರೆ?

ಕಾಲೇಜು ಆರಿಸುವ ಮುನ್ನ ಒಂದು ದಿನ ಅಲ್ಲಿಗೆ ಹೋಗಿ, ಮಗುವನ್ನೂ ಕರೆದುಕೊಂಡು ಹೋಗಿ. ವಕೀಲರ ಪರಿಷತ್ತಿನ ಮಾನ್ಯತೆ ಯಾವ ವರ್ಷದವರೆಗೆ ಇದೆ ಎಂಬ ಪತ್ರವನ್ನೇ ನೋಡಿ. ಕಾನೂನು ಪದವಿಯನ್ನು ದೂರಶಿಕ್ಷಣದಲ್ಲಿ ಕೊಡುತ್ತೇವೆ ಎನ್ನುವವನು ಸುಳ್ಳುಗಾರ. ಐದು ವರ್ಷದ ಓದಿನಲ್ಲಿ ಕನಿಷ್ಠ 20 ವಾರ ಇಂಟರ್ನ್‌ಶಿಪ್ ಮಾಡಬೇಕೆಂಬ ನಿಯಮವಿದೆ. ಕಳೆದ ವರ್ಷದ ಮಕ್ಕಳು ಅದನ್ನು ಎಲ್ಲಿ, ಯಾರ ಬಳಿ ಮಾಡಿದರು ಎಂದು ಕೇಳಿ. ಕಾನೂನು ನೆರವು ಕೇಂದ್ರದ ಬಾಗಿಲಿಗೆ ಬೀಗ ಬಿದ್ದಿದೆಯೇ, ಗ್ರಂಥಾಲಯದ ಪುಸ್ತಕಗಳಲ್ಲಿ ಜಿಎಸ್‌ಟಿ ಬಂದಿದೆಯೇ ಅಥವಾ ಇನ್ನೂ ಮಾರಾಟ ತೆರಿಗೆಯೇ ಇದೆಯೇ ನೋಡಿ. ಪ್ರಾಂಶುಪಾಲರನ್ನು ಬಿಟ್ಟು ಕ್ಯಾಂಟೀನಿನಲ್ಲಿ ಕುಳಿತ ಅಂತಿಮ ವರ್ಷದವರನ್ನು ಮಾತಾಡಿಸಿ. ಒಬ್ಬ ಅಂಗಡಿಯವನಿಗೆ ಬಂದ ನೋಟಿಸನ್ನು ಜೇಬಿನಲ್ಲಿಟ್ಟುಕೊಂಡು ಹೋದರೆ ಇನ್ನೂ ಒಳ್ಳೆಯದು. ಅದನ್ನು ಅವರ ಕೈಗೆ ಕೊಟ್ಟು, ಇದಕ್ಕೆ ಏನು ಉತ್ತರ ಬರೆಯುತ್ತೀರಿ ತಮ್ಮಾ, ಎಂದು ಕೇಳಿ. ಅವರು ಓದಲು ಶುರುಮಾಡಿದರೆ ಶುಲ್ಕ ಕಟ್ಟಿ.